ಹೊರಟು ಹೋಗಬಲ್ಲವರ ಸೇವೆ

1

ಸೇವೆಯ ನಿಜ ಬಣ್ಣ ಗೊತ್ತಾಗುವುದು ಸೇವಕರು ಬಂದಿಳಿದ ದಿನ ಅಲ್ಲ, ಗಂಟುಮೂಟೆ ಕಟ್ಟಿ ಹೊರಟ ದಿನ. ಬರುವ ದಿನ ಎಲ್ಲರ ಮುಖದಲ್ಲೂ ಒಳ್ಳೆಯತನ ಇರುತ್ತದೆ. ಹೊರಡುವ ದಿನ ಲೆಕ್ಕ ಇರುತ್ತದೆ. ಯಾರು ಏನು ಕೊಟ್ಟರು, ಯಾರು ಏನು ಹೊತ್ತುಕೊಂಡು ಹೋದರು, ಹಿಂದೆ ಉಳಿದವರಿಗೆ ಏನು ದಕ್ಕಿತು ಅನ್ನೋ ಲೆಕ್ಕ. ಹಾಗಾಗಿ ಪೂರ್ವ ಆಫ್ರಿಕಾದ ಹಳ್ಳಿಗಳಿಗೆ ಹೋಗಿಬರುವ ಚರ್ಚ್ ತಂಡಗಳ ಕೊನೆಯ ಎರಡು ಮೂರು ದಿನಗಳನ್ನು ಹಿಡಿದುಕೊಂಡು ಇಲ್ಲಿ ಮಾತಾಡುತ್ತೇನೆ. ಎಲ್ಲಿಯ ಆಫ್ರಿಕಾ, ಎಲ್ಲಿಯ ನಮ್ಮ ಹಟ್ಟಿ ಅಂತ ಕೆಲವರು ಕೇಳಬಹುದು. ಮೇಲಿಂದ ಹುಯ್ದ ನೀರನ್ನು ಬೊಗಸೆಯೊಡ್ಡಿ ಕುಡಿದ ಜನರ ಮಕ್ಕಳು ನಾವು. ಕೊಡುವ ಕೈ ಎಷ್ಟು ಎತ್ತರದಲ್ಲಿರುತ್ತದೆ ಅನ್ನೋದು ನಮಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಆ ಕೈ ಬೇರೆ ಖಂಡದಲ್ಲಿ ಕಂಡರೂ ನಮಗೆ ಗುರುತು ಸಿಗುತ್ತದೆ.

ಮೊದಲು ಸಂಗತಿ ಏನು ಅಂತ ನೋಡೋಣ. ಅಮೆರಿಕದ ಯಾವುದೋ ಊರಿನ ಚರ್ಚು ತನ್ನ ಹತ್ತು ಹದಿನೈದು ಜನರನ್ನು, ಅದರಲ್ಲೂ ಹೆಚ್ಚಾಗಿ ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರನ್ನು, ಒಂದೆರಡು ವಾರದ ಮಟ್ಟಿಗೆ ಕೆನ್ಯಾಕ್ಕೋ ಉಗಾಂಡಾಕ್ಕೋ ಮಲಾವಿಗೋ ಕಳಿಸುತ್ತದೆ. ಇದಕ್ಕೆ ಮಿಷನ್ ಟ್ರಿಪ್ ಅಂತ ಹೆಸರು. ಬ್ರಿಟನ್ನಿನಿಂದಲೂ ದಕ್ಷಿಣ ಕೊರಿಯಾದಿಂದಲೂ ಇಂಥ ತಂಡಗಳು ಹೊರಡುತ್ತವೆ. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಮಾಡಿದ ಅಂದಾಜಿನ ಪ್ರಕಾರ 2005ರಲ್ಲಿ ಅಮೆರಿಕವೊಂದರಿಂದಲೇ 16 ಲಕ್ಷ ಜನ ಹೀಗೆ ಹೊರದೇಶಗಳಿಗೆ ಹೋಗಿಬಂದಿದ್ದರು. ಖರ್ಚಿಗೆ ಬಂಧುಬಳಗದವರಿಂದ, ಚರ್ಚಿನವರಿಂದ ಚಂದಾ ಎತ್ತುತ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರಟು. ಅಲ್ಲಿಗೆ ಹೋಗಿ ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ, ಮಕ್ಕಳಿಗೆ ಬೈಬಲ್ ಕಥೆ ಹೇಳಿ ಹಾಡು ಕಲಿಸುತ್ತಾರೆ, ಜೊತೆಗೆ ವೈದ್ಯರಿದ್ದರೆ ಕ್ಯಾಂಪು ಮಾಡಿ ಜಂತುಹುಳುವಿನ ಮಾತ್ರೆ, ಓದುವ ಕನ್ನಡಕ ಹಂಚುತ್ತಾರೆ, ಅನಾಥಾಲಯಕ್ಕೆ ಹೋಗಿ ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಧರ್ಮಪ್ರಚಾರಕ್ಕೆ ಹೋಗುತ್ತಾರೆ ಅಂತೀರಾ? ಕೆನ್ಯಾದ 2019ರ ಜನಗಣತಿಯಲ್ಲಿ ನೂರಕ್ಕೆ 85ರಷ್ಟು ಜನ ಆಗಲೇ ಕ್ರೈಸ್ತರು. ಭಾನುವಾರ ಅಲ್ಲಿನ ಚರ್ಚುಗಳಲ್ಲಿ ಕೂರಲು ಜಾಗ ಸಿಗೋದಿಲ್ಲ. ಬಾಗಿಲು ಹಾಕುತ್ತಿರುವುದು ಯುರೋಪಿನ ಚರ್ಚುಗಳು.

ಈಗ ಕೊನೆಯ ದಿನಗಳಿಗೆ ಬರೋಣ. ಈ ತಂಡಗಳು ತಾವೇ ಬರೆದುಕೊಂಡ ವರದಿ, ತಾವೇ ಹಾಕಿಕೊಂಡ ಫೋಟೋ ನೋಡಿದರೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಕ್ರಮ. ಕೊನೆಯ ಭಾನುವಾರ ಹಳ್ಳಿಯ ಚರ್ಚಿನಲ್ಲಿ ಬೀಳ್ಕೊಡುಗೆ. ಪಾದ್ರಿ, ಊರ ಹಿರಿಯರು, ಶಾಲೆಯ ಹೆಡ್‌ಮಾಸ್ತರು ಒಬ್ಬೊಬ್ಬರಾಗಿ ಎದ್ದು ಉಪಕಾರ ಸ್ಮರಣೆ ಮಾಡುತ್ತಾರೆ. ಹೆಂಗಸರು ಹಾಡುತ್ತಾ ಕುಣಿಯುತ್ತಾ ಬಂದು ಅತಿಥಿಗಳ ಹೆಗಲಿಗೆ ಕಿಟೆಂಗೆ ಅನ್ನೋ ಬಣ್ಣದ ಬಟ್ಟೆ ಹೊದಿಸುತ್ತಾರೆ. ಕೋಳಿ ಕೊಯ್ದು ಊಟಕ್ಕೆ ಹಾಕುತ್ತಾರೆ. ಕೆಲವು ಕಡೆ ಕಾಲು ಕಟ್ಟಿದ ಕೋಳಿಯನ್ನೇ ತಂದು ಕೈಗೆ ಕೊಡುತ್ತಾರೆ. ಮಕ್ಕಳು ವ್ಯಾನಿನ ಹಿಂದೆ ಓಡುತ್ತವೆ. ಬಂದವರು ಅಳುತ್ತಾರೆ. ಆ ಅಳು ನಾಟಕ ಅಂತ ನಾನು ಹೇಳೋದಿಲ್ಲ. ಹದಿನೆಂಟು ವರ್ಷದ ಹುಡುಗಿಗೆ ಒಂದು ಮಗು ಕುತ್ತಿಗೆ ತಬ್ಬಿಕೊಂಡರೆ ಅಳು ಬಂದೇ ಬರುತ್ತದೆ.

ಹಳೆಯ ಬಟ್ಟೆ, ಬೂಟು, ಉಳಿದ ಸೋಪು ಎಲ್ಲವನ್ನೂ ಅಲ್ಲೇ ಬಿಟ್ಟು ಸೂಟ್‌ಕೇಸು ಖಾಲಿ ಮಾಡುತ್ತಾರೆ. ಖಾಲಿಯಾದ ಸೂಟ್‌ಕೇಸಿಗೆ ಪೇಟೆಯಲ್ಲಿ ಚೌಕಾಸಿ ಮಾಡಿ ಕೊಂಡ ಮರದ ಜಿರಾಫೆ, ಮಣಿಸರ ತುಂಬುತ್ತಾರೆ. ಆಮೇಲೆ ಒಂದೆರಡು ದಿನ ‘ಡಿಬ್ರೀಫಿಂಗ್’. ಅಂದ್ರೆ ಹಳ್ಳಿಯಿಂದ ದೂರ, ಬಿಸಿನೀರು ಬರುವ ವಸತಿಯಲ್ಲಿ ಕೂತು ಮನಸ್ಸು ಹಗುರ ಮಾಡಿಕೊಳ್ಳೋದು. ಕೆನ್ಯಾದಲ್ಲಾದರೆ ಮಾಸಾಯಿ ಮಾರಾದ ಸಿಂಹ, ಉಗಾಂಡಾದಲ್ಲಾದರೆ ಜಿಂಜಾದ ಬಳಿ ನೈಲ್ ನದಿ. ರಾತ್ರಿ ಎಲ್ಲರೂ ದುಂಡಗೆ ಕೂತು ತಮಗೆ ಅನ್ನಿಸಿದ್ದನ್ನು ಹೇಳುತ್ತಾರೆ.

ಅಲ್ಲಿ ಮತ್ತೆ ಮತ್ತೆ ಬರೋ ಮಾತು ಎರಡು. ಒಂದು, ‘ಅವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ.’ ಇನ್ನೊಂದು, ‘ಕೊಡಲಿಕ್ಕೆ ಅಂತ ಬಂದೆವು, ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು.’ ನನ್ನ ತಕರಾರೆಲ್ಲ ಈ ಎರಡು ಮಾತಿನ ಮೇಲೆ.

2

ಮೊದಲನೆಯ ಮಾತು ನಮಗೆ ಹೊಸದಲ್ಲ. ಗೌಡ್ರ ಜಗಲಿ ಕೆಳಗೆ ನಿಂತು ನಮ್ಮಪ್ಪಂದಿರು ಇದನ್ನು ಎಷ್ಟು ಸಲ ಕೇಳಿಲ್ಲ? ‘ನಿಮಗೇನಪ್ಪ, ಗಂಜಿ ಕುಡಿದು ಮಲಗಿದ್ರೆ ನಿದ್ದೆ ಬರುತ್ತೆ, ಚಿಂತೆ ಎಲ್ಲಾ ನಮಗೆ.’ ಬಡವರ ಸಂತೋಷ ಅನ್ನೋದು ಉಳ್ಳವರು ತಮ್ಮ ನಿದ್ದೆಗೆ ತಾವೇ ಅರೆದುಕೊಂಡ ಔಷಧಿ. ಮನೆಗೆ ನೆಂಟರು ಬಂದಾಗ ನಗದವರು ಯಾರು? ಹತ್ತು ದಿನ ಇದ್ದವರು ಕಂಡದ್ದು ಹಬ್ಬದ ಮುಖ. ಆ ನಗುವ ತಾಯಿ ಮುಂದಿನ ಸಲದ ಶಾಲೆ ಫೀಸಿಗೆ ಯಾರ ಬಾಗಿಲು ತಟ್ಟುತ್ತಾಳೆ, ಮಳೆ ಕೈಕೊಟ್ಟ ವರ್ಷ ಇರೋ ಮೆಕ್ಕೆಜೋಳದ ಹಿಟ್ಟನ್ನು ಎಷ್ಟು ದಿನಕ್ಕೆ ಎಳೆಯುತ್ತಾಳೆ ಅನ್ನೋದು ಹನ್ನೊಂದನೇ ದಿನದ ಕಥೆ. ಅದನ್ನು ನೋಡಲು ಅವರು ಅಲ್ಲಿರೋದಿಲ್ಲ. ಏನೂ ಇಲ್ಲದೆಯೂ ಸುಖವಾಗಿದ್ದಾರೆ ಅಂತ ಒಮ್ಮೆ ನಂಬಿಬಿಟ್ಟರೆ, ಅವರಿಗೂ ಏನಾದರೂ ಇರಬೇಕು ಅಂತ ಹೋರಾಡೋ ಮನಸ್ಸು ಯಾಕಾದರೂ ಬರುತ್ತದೆ?

ಎರಡನೆಯ ಮಾತು ಇನ್ನೂ ಗಟ್ಟಿಯಾದದ್ದು. ಅದನ್ನು ಅವರು ವಿನಯಕ್ಕೆ ಆಡುತ್ತಾರೆ. ನಾನು ಅದನ್ನು ಇದ್ದದ್ದು ಇದ್ದ ಹಾಗೆ ನಂಬುತ್ತೇನೆ. ಲೆಕ್ಕ ಹಾಕಿ ನೋಡಿ. ಅವರಿಗೆ ಸಿಕ್ಕಿದ್ದು ಊಟ, ಬಟ್ಟೆ, ಹಾಡು, ಮಕ್ಕಳ ಪ್ರೀತಿ, ದೇವರಿಗೆ ಒಂದು ಹೆಜ್ಜೆ ಹತ್ತಿರವಾದ ಭಾವ, ಕಾಲೇಜಿನ ಅರ್ಜಿಯಲ್ಲಿ ಬರೆಯೋಕೆ ಒಂದು ಪ್ಯಾರಾ, ಜೀವನಪೂರ್ತಿ ಹೇಳೋಕೆ ಒಂದು ಕಥೆ. ಅವರು ಕೊಟ್ಟಿದ್ದು ಗೋಡೆಗೆ ಬಣ್ಣ, ಅದೂ ಆ ಊರಿನಲ್ಲಿ ಬಣ್ಣ ಬಳಿಯುವವನ ಕೂಲಿ ತಪ್ಪಿಸಿ. ಪಡೆದದ್ದು ಹೆಚ್ಚು, ಕೊಟ್ಟದ್ದು ಕಡಿಮೆ ಅಂದ ಮೇಲೆ ಅದಕ್ಕೆ ನಮ್ಮ ಕಡೆ ಒಂದೇ ಹೆಸರು: ಸಾಲ. ಸಾಲ ಮಾಡಿದವನು ಹಾರ ಹಾಕಿಸಿಕೊಂಡು, ಭಾಷಣ ಮಾಡಿಸಿಕೊಂಡು, ಒಂದು ಪತ್ರವನ್ನೂ ಬರೆದುಕೊಡದೆ ವಿಮಾನ ಹತ್ತಿಹೋಗೋ ಲೇವಾದೇವಿ ಯಾವ ಊರಲ್ಲಿದೆ ತೋರಿಸಿ.

ಕೋಳಿಯ ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ತಂಡದವರ ವರದಿಗಳಲ್ಲಿ ಈ ಕೋಳಿ ಕಣ್ಣೀರು ತರಿಸುವ ಪ್ರಸಂಗವಾಗಿ ಬರುತ್ತದೆ. ‘ಏನೂ ಇಲ್ಲದವಳು ಇದ್ದ ಒಂದು ಕೋಳಿಯನ್ನೂ ಕೊಟ್ಟಳು’ ಅಂತ. ನಾನು ಇದನ್ನು ಬೇರೆ ಥರ ಓದುತ್ತೇನೆ. ನಮ್ಮಲ್ಲಿ ಮುಯ್ಯಿ ಅಂತ ಇದೆ. ಮದುವೆಮನೆಯಲ್ಲಿ ಒಬ್ಬ ಹುಡುಗ ಪುಸ್ತಕ ಹಿಡಿದು ಕೂತು ಬರೆದುಕೊಳ್ಳುತ್ತಾನೆ: ಇಂಥವರು, ಇಷ್ಟು ರೂಪಾಯಿ, ಒಂದು ತಂಬಿಗೆ. ನಾಳೆ ಅವರ ಮನೆಯ ಮದುವೆಗೆ ಅದಕ್ಕೆ ಒಂದು ರೂಪಾಯಿ ಸೇರಿಸಿ ಇಟ್ಟು ಬರಬೇಕು. ಮುಯ್ಯಿ ನಡೆಯೋದು ಸಮಾನರ ನಡುವೆ. ತಿರುಗಿ ಕೊಡಬಲ್ಲವನಿಗೆ ಮುಯ್ಯಿ, ತಿರುಗಿ ಕೊಡಲಾರದವನಿಗೆ ಭಿಕ್ಷೆ. ಕೊಡುಗೆಯನ್ನು ಮರಳಿಸಲಾಗದವನು ಕೊಟ್ಟವನಿಗಿಂತ ಕೆಳಗೆ ಬೀಳುತ್ತಾನೆ ಅಂತ ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲೇ ವಿವರವಾಗಿ ಬರೆದ. ಮುಯ್ಯಿ ಪುಸ್ತಕ ಬರೆಯೋ ನಮ್ಮ ಹುಡುಗನಿಗೂ ಅದು ಗೊತ್ತು. ಆ ಹಳ್ಳಿಯ ಹೆಂಗಸು ಕೋಳಿ ತಂದಿದ್ದು ಬರೀ ಭಕ್ತಿಗಲ್ಲ. ನಿಮ್ಮ ಮಾತ್ರೆ, ನಿಮ್ಮ ಬಣ್ಣ ನಮ್ಮ ತಲೆ ಮೇಲೆ ಋಣವಾಗಿ ಕೂರೋದು ಬೇಡ, ಇಗೋ ನಮ್ಮದೂ ಇದೆ ಅಂತ ತಲೆ ಎತ್ತಿ ನಿಂತ ನಡೆ ಅದು. ಸ್ವಾಭಿಮಾನದ ನಡೆ. ಬಂದವರು ಅದನ್ನು ಮುಯ್ಯಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ, ಡೈರಿಯಲ್ಲಿ ಬರೆದುಕೊಂಡರು. ಸಮಾನಳಾಗಿ ಎದುರು ನಿಂತವಳನ್ನು ಮತ್ತೆ ಬಡವಿಯನ್ನಾಗಿ ಮಾಡಿ ಊರಿಗೆ ಕೊಂಡೊಯ್ದರು.

ಸ್ವಾಹಿಲಿ ಭಾಷೆಯಲ್ಲಿ ಒಂದು ಗಾದೆಯಿದೆ. ಅತಿಥಿ ಎರಡು ದಿನ ಅತಿಥಿ, ಮೂರನೇ ದಿನ ಅವನ ಕೈಗೆ ಗುದ್ದಲಿ ಕೊಡು. ಮೇಷ್ಟರಾಗಿದ್ದು ಟಾಂಜಾನಿಯಾದ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆ 1962ರಲ್ಲಿ ತಮ್ಮ ಉಜಮಾ ಸಮಾಜವಾದವನ್ನು ವಿವರಿಸುವಾಗ ಈ ಗಾದೆಯನ್ನು ಬಳಸಿದ್ದರು. ದುಡಿಯದೆ ಕೂತು ತಿನ್ನುವವನಿಗೆ ಹಳೆಯ ಆಫ್ರಿಕಾದ ಊರುಗಳಲ್ಲಿ ಜಾಗ ಇರಲಿಲ್ಲ ಅನ್ನೋದು ಅವರ ವಾದ. ನನಗೆ ಇದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಗುದ್ದಲಿ ಕೊಡೋದು ಮನೆಯವರು. ಎಲ್ಲಿ ಅಗೀಬೇಕು, ಎಷ್ಟು ಅಗೀಬೇಕು ಅಂತ ಹೇಳೋದೂ ಅವರೇ. ಮಿಷನ್ ತಂಡ ಬರುವಾಗಲೇ ತನ್ನ ಗುದ್ದಲಿ ತಾನೇ ತರುತ್ತದೆ. ಯಾವ ಗೋಡೆಗೆ ಯಾವ ಬಣ್ಣ, ಎಷ್ಟು ದಿನ ಅನ್ನೋದು ಹೊರಡೋ ಮೊದಲೇ ಅಲ್ಲಿಯ ಚರ್ಚಿನಲ್ಲಿ ತೀರ್ಮಾನ ಆಗಿರುತ್ತದೆ. ಹಾಗಾಗಿ ಅವರು ಹತ್ತು ದಿನವೂ ಅತಿಥಿಗಳೇ. ಊರಿನವರ ಕೆಲಸ ಅವರನ್ನು ಉಪಚರಿಸೋದು.

3

ಈ ಮಾತನ್ನು ಮೊದಲು ಹೇಳಿದವರು ಚರ್ಚಿನ ಒಳಗಿನವರೇ. 1968ರಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೊರಡಲಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ನಿಂತು ಇವಾನ್ ಇಲಿಚ್, ಆಗ ಆತ ಕ್ಯಾಥೊಲಿಕ್ ಪಾದ್ರಿ, ಮುಖದ ಮೇಲೆ ಹೊಡೆದ ಹಾಗೆ ಹೇಳಿದ: ನೋಡೋಕೆ ಬನ್ನಿ, ಕಲಿಯೋಕೆ ಬನ್ನಿ, ಸಹಾಯ ಮಾಡೋಕೆ ಮಾತ್ರ ಬರಬೇಡಿ ಅನ್ನೋದು ಅವನ ಮಾತಿನ ಸಾರ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಹಾಳುಗೆಡವಿದಾಗ ಉತ್ತರ ಅಮೆರಿಕದ ಚರ್ಚ್ ತಂಡಗಳು ಹೋಗಿ ಮನೆ ಕಟ್ಟಿಕೊಟ್ಟವು. ಕ್ರೈಸ್ತ ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಲೆಕ್ಕ ಹಾಕಿದಾಗ ತಂಡದವರ ಪ್ರಯಾಣ ಸೇರಿ ಒಂದು ಮನೆಗೆ ತಗುಲಿದ್ದು ಸುಮಾರು 30,000 ಡಾಲರು. ಅಂಥದೇ ಮನೆಯನ್ನು ಅಲ್ಲಿನ ಸಂಸ್ಥೆಗಳು ಸುಮಾರು 2,000 ಡಾಲರಿಗೆ ಕಟ್ಟುತ್ತಿದ್ದವು. ಒಂದು ಮನೆಯ ದುಡ್ಡಿನಲ್ಲಿ ಹದಿನೈದು ಮನೆ. ಹದಿನಾಲ್ಕು ಸಂಸಾರಗಳ ಸೂರು ಹೋದದ್ದು ಕಟ್ಟುವವರ ಅನುಭವಕ್ಕೆ. ಆಫ್ರಿಕಾದ ವಿಮಾನದ ಟಿಕೆಟ್ಟು ಇನ್ನೂ ದುಬಾರಿ.

ದುಡ್ಡಿನ ಲೆಕ್ಕ ಬಿಟ್ಟು ಆ ಟೀ ಶರಟಿನ ಲೆಕ್ಕಕ್ಕೆ ಬನ್ನಿ. ಸೂಟ್‌ಕೇಸಿನಿಂದ ಇಳಿಸಿ ಬಿಟ್ಟುಹೋದ ಹಳೆಯ ಬಟ್ಟೆ ಒಂದು ತೊಟ್ಟು ಮಾತ್ರ. ಪಶ್ಚಿಮದ ದೇಶಗಳು ಉಟ್ಟು ಬಿಟ್ಟ ಬಟ್ಟೆಗಳು ಮೂಟೆಮೂಟೆಯಾಗಿ ಪೂರ್ವ ಆಫ್ರಿಕಾಕ್ಕೆ ಬಂದು ಬೀಳುತ್ತವೆ. ಅದಕ್ಕೆ ಮಿಟುಂಬಾ ಅಂತ ಹೆಸರು. ಅದನ್ನು ಮಾರಿ ಬದುಕೋರು ಸಾವಿರಾರು ಜನ ಇದ್ದಾರೆ, ಅದರ ಅಗ್ಗದ ಎದುರು ನಿಲ್ಲಲಾರದೆ ಸೊರಗಿದ ಮಗ್ಗ, ಗಿರಣಿಗಳೂ ಇವೆ. 2016ರಲ್ಲಿ ಪೂರ್ವ ಆಫ್ರಿಕಾದ ದೇಶಗಳು ಒಟ್ಟಾಗಿ, ನಮ್ಮ ಬಟ್ಟೆ ನಾವೇ ಹೊಲಿಯುತ್ತೇವೆ, ಈ ಹಳೆಯ ಬಟ್ಟೆಯನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಅಂತ ತೀರ್ಮಾನ ಮಾಡಿದವು. ಅಮೆರಿಕ ಏನು ಮಾಡಿತು? ಹಾಗೆ ಮಾಡಿದರೆ ನಮ್ಮ ಮಾರುಕಟ್ಟೆಯಲ್ಲಿ ನಿಮಗಿರೋ ಸುಂಕವಿನಾಯ್ತಿ ತೆಗೀತೀವಿ ಅಂತ ಹೆದರಿಸಿತು. ಬೇರೆಯವರು ಹಿಂದೆ ಸರಿದರು. ಪುಟ್ಟ ರುವಾಂಡಾ ಸರಿಯಲಿಲ್ಲ. ಹಳೆಯ ಬಟ್ಟೆಯ ಮೇಲಿನ ಸುಂಕವನ್ನು ಕಿಲೋಗೆ 20 ಸೆಂಟಿನಿಂದ 2.50 ಡಾಲರಿಗೆ ಏರಿಸಿತ್ತು. 2018ರಲ್ಲಿ ಅದರ ಸಿದ್ಧ ಉಡುಪುಗಳ ಸುಂಕವಿನಾಯ್ತಿಯನ್ನು ಅಮೆರಿಕ ಅಮಾನತು ಮಾಡಿತು.

ಇಲ್ಲಿ ಎರಡು ಕೈ ನೋಡಿ. ಒಂದು ಕೈ ಮಗುವಿಗೆ ಟೀ ಶರಟು ತೊಡಿಸುತ್ತದೆ. ಅದೇ ದೇಶದ ಇನ್ನೊಂದು ಕೈ ಆ ಮಗುವಿನ ಅಕ್ಕ ಹೊಲಿಗೆ ಕಾರ್ಖಾನೆಯಲ್ಲಿ ದುಡಿಯೋದನ್ನು ತಡೆಯುತ್ತದೆ. ಅಂಗಿ ತೊಡಿಸಿದ ಹುಡುಗಿ ಕೆಟ್ಟವಳಲ್ಲ. ಆದರೆ ಆಕೆ ವಾಪಸ್ಸು ಹೋಗಿ ತನ್ನ ಸಂಸದನಿಗೆ ಒಂದು ಕಾಗದ ಬರೆದಳಾ? ಆಕೆಯ ಚರ್ಚಿನಲ್ಲಿ ಒಂದು ಭಾನುವಾರ ಈ ಸುಂಕದ ಬಗ್ಗೆ ಉಪದೇಶ ಆಯಿತಾ? ಆಫ್ರಿಕಾದ ಬಡತನದ ಬೀಗ ಆಫ್ರಿಕಾದ ಹಳ್ಳಿಯಲ್ಲಷ್ಟೇ ಇಲ್ಲ. ಆಕೆ ವಿಮಾನ ಇಳಿಯುವ ಊರಿನಲ್ಲೂ ಇದೆ.

ನಮ್ಮ ಕೇರಿಗೂ ಒಂದು ಕಾಲೇಜಿನ ಶಿಬಿರದವರು ಬಂದಿದ್ದರು. ಏಳು ದಿನ ಚರಂಡಿ ತೋಡಿದರು, ಹಾಡು ಹೇಳಿದರು, ಗುಂಪು ಫೋಟೋ ತೆಗೆಸಿಕೊಂಡರು. ಮೊದಲ ಮಳೆಗೆ ಚರಂಡಿ ತುಂಬಿ ನೀರು ಮನೆಯೊಳಕ್ಕೇ ಬಂತು. ಯಾಕಂದ್ರೆ ನೀರು ಮುಂದಕ್ಕೆ ಹೋಗಬೇಕಾದ್ದು ಊರಿನ ದೊಡ್ಡವರೊಬ್ಬರ ತೋಟದ ಅಂಚಿನಲ್ಲಿ. ಅವರು ಅದನ್ನು ಮುಚ್ಚಿ ಬೇಲಿ ಹಾಕಿದ್ದರು. ಶಿಬಿರದವರಿಗೆ ಇದು ಗೊತ್ತಿತ್ತು. ಕೇರಿಯಲ್ಲಿ ಗುದ್ದಲಿ ಹಿಡಿಯೋಕೆ ಬಂದವರು ತೋಟದವರ ಬಾಗಿಲಿಗೆ ಹೋಗಿ ಮಾತಾಡಲಿಲ್ಲ. ಮಧ್ಯಾಹ್ನದ ಮಜ್ಜಿಗೆ ಬರುತ್ತಿದ್ದದ್ದು ಅದೇ ಮನೆಯಿಂದ. ಉಳ್ಳವರಿಗೆ ಮುಜುಗರ ಆಗದಂತೆ ಬಡವರಿಗೆ ಮಾಡುವ ಉಪಕಾರ ಯಾವ ಖಂಡದಲ್ಲೇ ಆಗಲಿ ಇಂಥ ಚರಂಡಿಯೇ. 1932ರ ನವೆಂಬರಿನಲ್ಲಿ ಬಾಬಾಸಾಹೇಬರು ಹಡಗಿನಿಂದ ಎ.ವಿ. ಠಕ್ಕರ್ ಅವರಿಗೆ ಬರೆದ ಪತ್ರದಲ್ಲಿ ಇದನ್ನೇ ಬಿಡಿಸಿ ಹೇಳಿದ್ದರು. ಅಸ್ಪೃಶ್ಯರ ನಡತೆ ತಿದ್ದುವ ಕಾರ್ಯಕ್ರಮ ಬೇಡ, ಬಾವಿ, ಶಾಲೆ, ರಸ್ತೆಯಲ್ಲಿ ಅವರಿಗಿರುವ ನಾಗರಿಕ ಹಕ್ಕಿಗಾಗಿ ಹಳ್ಳಿಗಳಲ್ಲಿ ಚಳವಳಿ ಮಾಡಿ, ಅದರಿಂದ ಜಗಳ ಆಗುತ್ತದೆ, ಆದರೂ ಮಾಡಿ ಅಂತ.

4

ಇಷ್ಟು ಹೇಳಿದ ಮೇಲೆ ಒಂದು ನ್ಯಾಯದ ಪ್ರಶ್ನೆಗೆ ಉತ್ತರ ಕೊಡಬೇಕು. ಮಾತ್ರೆ ನುಂಗಿದ ಮಗುವಿನ ಹೊಟ್ಟೆನೋವು ನಿಂತದ್ದು ಸುಳ್ಳಾ? ಕನ್ನಡಕ ಹಾಕಿಕೊಂಡ ಮುದುಕಿಗೆ ಅಕ್ಷರ ಕಂಡದ್ದು ಸುಳ್ಳಾ? ಸುಳ್ಳಲ್ಲ. ಹಸಿದವನ ಎಲೆಗೆ ಸಿದ್ಧಾಂತ ಬಡಿಸುವವನು ನಾನಲ್ಲ. ಮಿಷನ್ ಅಂದ ಕೂಡಲೇ ಬೈದು ಕೈತೊಳೆದುಕೊಳ್ಳೋದೂ ನಮಗೆ ಸಲ್ಲದು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ ಮಹಾರ್ ಹುಡುಗನಿಗೆ ಬಾಗಿಲು ತೆರೆಯಲಿಲ್ಲ. ಅದೇ ಕಾಲದಲ್ಲಿ ಈ ನಾಡಿನಲ್ಲಿ ಶಾಲೆ ನಡೆಸುತ್ತಿದ್ದವರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು. ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಆ ಮಿಷನ್ನಿನವನು. ಕೆನ್ಯಾದ ಕರಾವಳಿಗೆ, ಮೊಂಬಾಸಾಕ್ಕೆ, 1844ರಲ್ಲಿ ಬಂದ ಯೋಹಾನ್ ಲುಡ್ವಿಗ್ ಕ್ರಾಪ್ಫ್ ಕಲಿತದ್ದೂ ಅದೇ ಬಾಸೆಲ್ ಶಾಲೆಯಲ್ಲಿ. ಬಂದ ಕೆಲವೇ ತಿಂಗಳಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಅಲ್ಲೇ ಮಣ್ಣು ಮಾಡಿದ. ಆದರೂ ಉಳಿದ, ಸ್ವಾಹಿಲಿ ಕಲಿತ, ವ್ಯಾಕರಣ ಬರೆದ, ನಿಘಂಟು ಮಾಡಿದ. ಆರೋಗ್ಯ ಕೆಟ್ಟು 1853ರಲ್ಲಿ ಹೊರಟ. ಇವರು ಮೂರನೇ ದಿನ ಗುದ್ದಲಿ ಹಿಡಿದವರು.

ಆದರೆ ಉಳಿದದ್ದೇ ಪುಣ್ಯ ಅಂತ ತಿಳಿಯಬಾರದು. ಉಳಿದವರ ಬೆನ್ನಿಗೆ ಸಾಮ್ರಾಜ್ಯವೂ ಬಂತು. 1895ರಲ್ಲಿ ಬ್ರಿಟಿಷರು ಕೆನ್ಯಾವನ್ನು ತಮ್ಮ ರಕ್ಷಿತ ಪ್ರದೇಶ ಅಂತ ಸಾರಿದರು, ಒಳ್ಳೆಯ ಎತ್ತರದ ನೆಲವೆಲ್ಲ ಬಿಳಿಯರ ಪಾಲಾಯಿತು. ಕೊಟ್ಟ ಅಕ್ಷರವನ್ನು ಜನ ಏನು ಮಾಡಿದರು ಅನ್ನೋದು ಮುಖ್ಯ. 1929ರಲ್ಲಿ ಹೆಣ್ಣುಮಕ್ಕಳ ಸುನ್ನತಿಯ ವಿಷಯಕ್ಕೆ ಗಿಕುಯು ಜನರಿಗೂ ಮಿಷನ್ನುಗಳಿಗೂ ದೊಡ್ಡ ಜಗಳ ಆಯಿತು. ಆ ಆಚರಣೆ ಹೆಣ್ಣಿನ ಮೈಮೇಲಿನ ಹಿಂಸೆ, ಅದನ್ನು ಸಮರ್ಥಿಸುವ ಮಾತೇ ಇಲ್ಲ. ಆದರೆ ಮಿಷನ್ನುಗಳು ಪ್ರತಿಜ್ಞೆ ಮಾಡದವರನ್ನು ಚರ್ಚಿನಿಂದ, ಅವರ ಮಕ್ಕಳನ್ನು ಶಾಲೆಯಿಂದ ಆಚೆ ಹಾಕಿದವು. ಕೊಟ್ಟವರಿಗೆ ಕಿತ್ತುಕೊಳ್ಳುವ ಅಧಿಕಾರ ಇರುತ್ತದೆ ಅಂತ ಅಂದು ಜನಕ್ಕೆ ಗೊತ್ತಾಯಿತು. ಅವರು ಚಂದಾ ಎತ್ತಿ ತಮ್ಮವೇ ಸ್ವತಂತ್ರ ಶಾಲೆಗಳನ್ನು ಕಟ್ಟಿದರು. 1939ರಲ್ಲಿ ಗಿಥುಂಗುರಿಯಲ್ಲಿ ತಮ್ಮದೇ ಶಿಕ್ಷಕರ ಕಾಲೇಜು ತೆರೆದರು. 1952ರಲ್ಲಿ ತುರ್ತುಸ್ಥಿತಿ ಹೇರಿದ ಬ್ರಿಟಿಷ್ ಸರ್ಕಾರ ಆ ಶಾಲೆಗಳ ಮೇಲೆ ಬಿತ್ತು. 2025ರಲ್ಲಿ ತೀರಿಕೊಂಡ ಗೂಗಿ ವಾ ಥಿಯಾಂಗೊ ಕಲಿತದ್ದು ಅಂಥದೊಂದು ಶಾಲೆಯಲ್ಲೂ ಹೌದು, ಆಮೇಲೆ ಮಿಷನ್ನಿನ ಹೈಸ್ಕೂಲಿನಲ್ಲೂ ಹೌದು. ಅಕ್ಷರ ಯಾರಿಂದಲೇ ಬರಲಿ, ಒಡೆತನ ಬದಲಾದಾಗಲೇ ಅದು ನಮ್ಮದಾಗುವುದು.

ಆಫ್ರಿಕಾದ ಚರ್ಚೇ ಈ ಒಡೆತನದ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿತು. 1971ರಲ್ಲಿ ಕೆನ್ಯಾದ ಪ್ರೆಸ್ಬಿಟೇರಿಯನ್ ನಾಯಕ ಜಾನ್ ಗಾಟು ಅಮೆರಿಕಕ್ಕೇ ಹೋಗಿ ಹೇಳಿದರು: ನಿಮ್ಮ ಮಿಷನರಿಗಳನ್ನು ವಾಪಸ್ಸು ಕರೆಸಿಕೊಳ್ಳಿ, ಕನಿಷ್ಠ ಐದು ವರ್ಷ ಯಾರನ್ನೂ ಕಳಿಸಬೇಡಿ, ನಾವು ನಮ್ಮ ಕಾಲ ಮೇಲೆ ನಿಲ್ಲೋದು ಹೇಗೆ ಅಂತ ನಾವೂ ಯೋಚಿಸುತ್ತೇವೆ, ನೀವೂ ಯೋಚಿಸಿ. 1974ರಲ್ಲಿ ಲುಸಾಕಾದಲ್ಲಿ ಸೇರಿದ ಅಖಿಲ ಆಫ್ರಿಕಾ ಚರ್ಚುಗಳ ಸಮ್ಮೇಳನ ಈ ಬೇಡಿಕೆಯನ್ನು ಎತ್ತಿಹಿಡಿಯಿತು. ಕೇಳಿದವರು ನಾಸ್ತಿಕರಲ್ಲ, ಪಾದ್ರಿಗಳು. ಕೇಳಿದ್ದು ಹೆಚ್ಚಿನದೇನಲ್ಲ, ಬೇಡ ಅನ್ನುವ ಹಕ್ಕು. ಪಶ್ಚಿಮದ ಚರ್ಚುಗಳು ಸಿಡಿಮಿಡಿಗೊಂಡವು, ತಂಡಗಳು ನಿಲ್ಲಲಿಲ್ಲ. ಬೇಡ ಅಂದರೂ ಬರುವುದನ್ನು ಸೇವೆ ಅಂತ ಹೇಗೆ ಕರೆಯೋಣ?

ಮಕ್ಕಳ ವಿಷಯದಲ್ಲಂತೂ ಈ ಬೇಡ ಅನ್ನೋ ಮಾತು ಇನ್ನೂ ತುರ್ತಿನದು. ಲೋಕದ ಅನಾಥಾಲಯಗಳಲ್ಲಿರುವ ಐದು ಮಕ್ಕಳಲ್ಲಿ ನಾಲ್ಕಕ್ಕೆ ತಾಯಿಯೋ ತಂದೆಯೋ ಇದ್ದಾರೆ ಅಂತ ಮಕ್ಕಳ ಸಂಸ್ಥೆಗಳೇ ಹೇಳುತ್ತವೆ. ಬಡತನಕ್ಕೆ ಬಿಟ್ಟುಬಂದ ಮಕ್ಕಳು ಅವು. ಅತಿಥಿಗಳು ಬರುವ ಕಡೆಗೆ ದುಡ್ಡು ಬರುತ್ತದೆ, ದುಡ್ಡು ಬರುವ ಕಡೆಗೆ ಮಕ್ಕಳನ್ನು ತುಂಬುತ್ತಾರೆ. ಕೆನ್ಯಾ ಸರ್ಕಾರ 2017ರಲ್ಲಿ ಹೊಸ ಮಕ್ಕಳ ಧಾಮಗಳ ನೋಂದಣಿಯನ್ನೇ ನಿಲ್ಲಿಸಿತು. ಹತ್ತು ದಿನ ಎತ್ತಿಕೊಂಡು ಹನ್ನೊಂದನೇ ದಿನ ಇಳಿಸಿ ಹೋಗುವ ತೋಳುಗಳು ಎಷ್ಟು ಬಂದವು, ಎಷ್ಟು ಹೋದವು ಅಂತ ಆ ಮಗು ಎಣಿಸುತ್ತಿರುತ್ತದೆ. ಬೀಳ್ಕೊಡುಗೆ ಒಂದೇ ಸಲ ಆಗೋದು ಹೊರಡುವವರಿಗೆ ಮಾತ್ರ.

ಗಾಟು ಕೇಳಿದ ಪ್ರಶ್ನೆಗೆ ನಮ್ಮಲ್ಲೂ ಒಂದು ಇತಿಹಾಸವಿದೆ. 1932ರಲ್ಲಿ ಹುಟ್ಟಿದ ಹರಿಜನ ಸೇವಕ ಸಂಘದ ಆಡಳಿತದಲ್ಲಿ ಅಸ್ಪೃಶ್ಯರಿಗೂ ಜಾಗ ಬೇಕು ಅಂತ ಕೇಳಿದಾಗ ಗಾಂಧೀಜಿ ಒಪ್ಪಲಿಲ್ಲ. ಇದು ಸವರ್ಣೀಯರು ತಮ್ಮ ಪಾಪಕ್ಕೆ ಮಾಡಿಕೊಳ್ಳುವ ಪ್ರಾಯಶ್ಚಿತ್ತ, ಇದು ಸಾಲಗಾರರ ಮಂಡಳಿ, ನೀವು ಸಾಲ ಕೊಟ್ಟವರು, ತೀರಿಸುವ ಕೆಲಸ ನಮ್ಮದು ಅನ್ನೋದು ಅವರ ವಾದ. ಬಾಬಾಸಾಹೇಬರು 1945ರ ತಮ್ಮ ಗ್ರಂಥದಲ್ಲಿ ಈ ಸಂಘದ ಬಂಡವಾಳ ಬಿಚ್ಚಿಟ್ಟರು. ಇಂಥ ಉಪಕಾರ ಅಸ್ಪೃಶ್ಯರ ಸ್ವಂತ ಚಳವಳಿಯ ಬೆನ್ನುಮೂಳೆಯನ್ನು ಮೆತ್ತಗೆ ಮಾಡುತ್ತದೆ ಅಂದರು. ಗಾಂಧೀಜಿಯವರ ಮಾತನ್ನೇ ತಗೊಳ್ಳೋಣ. ಸಾಲ ಅಂತ ಒಪ್ಪಿದಿರಲ್ಲ, ಸರಿ. ಎಷ್ಟು ಬಾಕಿ, ಯಾವ ಕಂತು, ಯಾವ ನಾಣ್ಯ ಅಂತ ಹೇಳಬೇಕಾದವರು ಯಾರು? ತೀರಿತು ಅಂತ ಪತ್ರ ಹರಿಯಬೇಕಾದವರು ಯಾರು? ಸಾಲಗಾರನೇ ಅಸಲು ನಿಗದಿ ಮಾಡಿ, ಸಾಲಗಾರನೇ ಕಂತು ಕಟ್ಟಿ, ಸಾಲಗಾರನೇ ತೀರಿತು ಅಂತ ಅತ್ತು ಹಗುರಾಗುವುದಾದರೆ ಅದು ಪ್ರಾಯಶ್ಚಿತ್ತ ಇರಬಹುದು, ನ್ಯಾಯ ಅಲ್ಲ. ಮಾಸಾಯಿ ಮಾರಾದ ವಸತಿಯಲ್ಲಿ ದುಂಡಗೆ ಕೂತ ಆ ರಾತ್ರಿಯ ಸಭೆಯಲ್ಲಿ ಹಳ್ಳಿಯವರು ಒಬ್ಬರೂ ಇರೋದಿಲ್ಲ. ಲೆಕ್ಕ ಒಪ್ಪಿಸುವ ಜಾಗದಲ್ಲಿ ಲೆಕ್ಕ ಕೇಳುವವರೇ ಇಲ್ಲ. ಅದಕ್ಕೇ ಆ ಕೊನೆಯ ರಾತ್ರಿ ನನ್ನನ್ನು ಕಾಡೋದು.

ಹಾಗಾದರೆ ಏನು ಮಾಡಬೇಕು? ಹೋಗಲೇಬಾರದು ಅಂತ ನಾನು ಹೇಳೋದಿಲ್ಲ. ಮನುಷ್ಯ ಮನುಷ್ಯನ ಊರಿಗೆ ಹೋಗಬೇಕು. ಆದರೆ ಮೂರು ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಹೋಗಬೇಕು. ಕರೆದವರು ಯಾರು? ಅವರು ಬೇಡ ಅಂದರೆ ನಿಲ್ಲುತ್ತೀರಾ? ಹೊರಡುವ ದಿನ ಲೆಕ್ಕ ಒಪ್ಪಿಸುವುದು ಯಾರಿಗೆ? ನಾಲ್ಕನೆಯ ಮಾತೂ ಇದೆ. ಪಡೆದದ್ದು ಹೆಚ್ಚು ಅಂತ ನಿಜವಾಗಿ ಅನ್ನಿಸಿದರೆ, ತೀರಿಸೋ ಜಾಗ ಆ ಹಳ್ಳಿಯಲ್ಲ, ನಿಮ್ಮ ಊರು. ನಿಮ್ಮ ಸರ್ಕಾರದ ಸುಂಕ, ನಿಮ್ಮ ಬ್ಯಾಂಕಿನ ಬಡ್ಡಿ, ನಿಮ್ಮ ಕಂಪನಿಯ ಗಣಿ. ಅಲ್ಲಿ ಬಾಯಿ ತೆರೆದರೆ ನಿಮಗೆ ಹಾರ ಹಾಕೋರು ಇರೋದಿಲ್ಲ, ಬೈಯೋರು ಇರುತ್ತಾರೆ. ಅಲ್ಲಿಂದ ಸೇವೆ ಶುರು.

ಗೆಳೆಯರೇ, ಮಾತನ್ನು ದೂರದವರ ಮೇಲೆ ಹೊರಿಸಿ ಮುಗಿಸೋ ಹಾಗಿಲ್ಲ. ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿ ಬಂದಿದೆ. ಡಿಗ್ರಿ ಅಂದ್ರೆ ಹೊರಟು ಹೋಗಬಲ್ಲ ಟಿಕೆಟ್ಟು. ಜಾಥಾ ತಗೊಂಡು ಹಟ್ಟಿಗೆ ಹೋಗ್ತೀವಿ, ತಮಟೆ ಬಡೀತೀವಿ, ಭಾಷಣ ಮಾಡ್ತೀವಿ, ಅವ್ವಂದಿರು ಮುದ್ದೆ ಸಾರು ಮಾಡಿ ಹಾಕ್ತಾರೆ, ಕೊನೇ ಬಸ್ಸಿಗೆ ವಾಪಸ್ಸು ಬರ್ತೀವಿ. ಬೆಳಿಗ್ಗೆ ಅದೇ ಗೌಡರ ಹೊಲಕ್ಕೆ ಹೋಗಬೇಕಾದವರು ಅಲ್ಲೇ ಉಳೀತಾರೆ. ಆ ಮೂರು ಪ್ರಶ್ನೆ ಕೊನೇ ಬಸ್ಸಿಗೂ ಅನ್ವಯಿಸುತ್ತದೆ. ನಮ್ಮನ್ನು ಕರೆದವರು ಯಾರು, ಸಾಕು ಅನ್ನೋ ಹಕ್ಕು ಅವರಿಗಿದೆಯಾ, ನಾವು ಲೆಕ್ಕ ಒಪ್ಪಿಸೋದು ಯಾರಿಗೆ? ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಮಕ್ಕಳ ಮುಂದೆ ಇಡಲಿ. ಸಂಘಟನೆಯವರು ಶಿಬಿರದ ಕೊನೆಯ ದಿನ ಹಟ್ಟಿಯವರನ್ನು ನಡುವೆ ಕೂರಿಸಿಕೊಂಡು ಕೇಳಲಿ. ಆಫ್ರಿಕಾದ ಆ ಹೆಂಗಸು ಕೋಳಿ ಕೊಟ್ಟು ತನ್ನ ಪಾಲಿನ ಮುಯ್ಯಿ ತೀರಿಸಿದ್ದಾಳೆ. ಅವಳಿಗೆ ಯಾರ ಕಣ್ಣೀರೂ ಬೇಕಿಲ್ಲ, ನಮ್ಮ ಅವ್ವಂದಿರಿಗೂ ಬೇಕಿಲ್ಲ. ಉಪಕಾರ ಸಾಕು, ಬಾಕಿ ಕೊಡಿ.